ಎರಡನೇ ಸುತ್ತಿನಲ್ಲಿ ಕರೆದ ಹೆಸರು

ನಮ್ಮ ಕುದಾಪುರದಲ್ಲಿ ಸಂಜೆ ಆಟಕ್ಕೆ ಟೀಮ್ ಹಂಚಿಕೊಳ್ಳುವ ಒಂದು ಕ್ರಮ ಇದೆ. ಬೇರೆ ಊರುಗಳಲ್ಲೂ ಇರಬಹುದು. ಇಬ್ಬರು ಲೀಡರ್‌ಗಳು ಒಂದು ಕಡೆ ನಿಲ್ಲುತ್ತಾರೆ. ಉಳಿದವರು ಇಬ್ಬಿಬ್ಬರಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ಜಾಲಿ ಗಿಡದ ತನಕ ಹೋಗಿ ಗುಟ್ಟಾಗಿ ಒಂದೊಂದು ಹೆಸರು ಇಟ್ಟುಕೊಂಡು ಬರುತ್ತಾರೆ. ಒಬ್ಬ ಚಿನ್ನ, ಇನ್ನೊಬ್ಬ ಬೆಳ್ಳಿ. ಒಬ್ಬ ಸೂರ್ಯ, ಇನ್ನೊಬ್ಬ ಚಂದ್ರ. ಲೀಡರ್ ಯಾವುದನ್ನು ಕೇಳುತ್ತಾನೋ ಆ ಹುಡುಗ ಅವನ ಕಡೆ, ಉಳಿದವನು ಎದುರಾಳಿ ಕಡೆ. ಇದರಲ್ಲಿ ಯಾರು ಚೆನ್ನಾಗಿ ಆಡುತ್ತಾರೆ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಯಾರಿಗೂ ಬೇಜಾರೂ ಆಗುವುದಿಲ್ಲ. ಬೇಜಾರು ಶುರುವಾಗುವುದು ಗುಟ್ಟಿನ ಹೆಸರು ಬಿಟ್ಟು ನಿಜವಾದ ಹೆಸರು ಹಿಡಿದು ಆರಿಸಲು ನಿಂತಾಗ. ಮೊದಲು ಜೋರಾಗಿ ಹೊಡೆಯುವವನು, ಆಮೇಲೆ ಬ್ಯಾಟ್ ತಂದವನು, ಹೀಗೆ ಒಬ್ಬೊಬ್ಬರೇ ಹೋಗಿ ಕೊನೆಗೆ ಒಬ್ಬ ಉಳಿಯುತ್ತಾನೆ. ಅವನನ್ನು ಯಾರೂ ಕರೆಯುವುದಿಲ್ಲ, ತಾನೇ ನಡೆದು ಹೋಗಿ ಯಾವುದೋ ಒಂದು ಕಡೆ ಸೇರಿಕೊಳ್ಳುತ್ತಾನೆ. ನಾನು ಬಹಳ ಸಲ ಆ ಹುಡುಗನಾಗಿದ್ದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಈ ಸಲದ ಸಂಚಿಕೆಗೆ ಕ್ರೀಡೆಯ ಬಗ್ಗೆ ಯಾರಾದರೂ ಬರೆಯಬೇಕು ಎಂದು ಹೇಳಿದಾಗ ನಾನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ ಬಗ್ಗೆ ಬರೆಯುತ್ತೇನೆ ಎಂದೆ. ಡ್ರಾಫ್ಟ್ ಎಂದರೆ ವರ್ಷಕ್ಕೊಮ್ಮೆ ತಂಡಗಳೆಲ್ಲ ಸೇರಿ, ಸರದಿಯ ಮೇಲೆ ಒಬ್ಬೊಬ್ಬ ಹೊಸ ಆಟಗಾರನ ಹೆಸರು ಹೇಳಿ ತಮ್ಮವನನ್ನಾಗಿ ಮಾಡಿಕೊಳ್ಳುವ ಪದ್ಧತಿ. ನಮಗೆ ಪರಿಚಯ ಇರುವುದು ಐಪಿಎಲ್ ಹರಾಜು. ಅಲ್ಲಿ ಹಣ ಮಾತಾಡುತ್ತದೆ. ಡ್ರಾಫ್ಟ್‌ನಲ್ಲಿ ಮಾತಾಡುವುದು ಸರದಿ. ಆದರೆ ಐಪಿಎಲ್‌ನಲ್ಲೂ ಒಮ್ಮೆ ಡ್ರಾಫ್ಟ್ ನಡೆದಿತ್ತು. 2008ರಲ್ಲಿ, ಮೊದಲ ವರ್ಷ, 19 ವರ್ಷದೊಳಗಿನ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಹರಾಜಿಗೆ ಹಾಕದೆ ಸರದಿಯ ಮೇಲೆ ಹಂಚಿದರು. ದೆಹಲಿ ತಂಡ ತನ್ನದೇ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿಗೆ ಬಂದರು. ಆರ್‌ಸಿಬಿ ಅಭಿಮಾನಿಗಳಾದ ನಾವೆಲ್ಲ ಆ ಒಂದು ಸರದಿಗೆ ಋಣಿಗಳು.

ಎನ್‌ಬಿಎ ಡ್ರಾಫ್ಟ್‌ನಲ್ಲಿ ಹೆಸರು ಕರೆಸಿಕೊಂಡವರಲ್ಲಿ ನಮ್ಮ ಕಾಲೇಜಿನ ಹುಡುಗರಿಗೆ ಗೊತ್ತಿರುವವರು ಇಬ್ಬರು. ಕರೀಮ್ ಅಬ್ದುಲ್ ಜಬ್ಬಾರ್ ಮತ್ತು ಹಕೀಮ್ ಒಲಾಜುವನ್. ಕರೀಮ್ ಅವರನ್ನು 1969ರಲ್ಲಿ, ಹಕೀಮ್ ಅವರನ್ನು 1984ರಲ್ಲಿ ಎಲ್ಲರಿಗಿಂತ ಮೊದಲು ಆರಿಸಲಾಯಿತು. ರಂಜಾನ್ ತಿಂಗಳಲ್ಲಿ ರೋಜಾ ಹಿಡಿದುಕೊಂಡೇ ಹಕೀಮ್ ಪಂದ್ಯ ಆಡುತ್ತಿದ್ದರು ಎನ್ನುವುದನ್ನು ನಮ್ಮಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ನೆನಪಿಸುತ್ತಾರೆ. ಅವರ ಬಗ್ಗೆಯೇ ಬರಿ ಎಂದು ಗೆಳೆಯರು ಹೇಳಿದರು. ಆದರೆ ಓದುತ್ತಾ ಹೋದಂತೆ ನನಗೆ ಅವರಿಗಿಂತ ಮುಂಚಿನ ಒಬ್ಬರು ಸಿಕ್ಕಿದರು. ಮೊದಲನೆಯವರಾಗಿ ಅಲ್ಲ, ಎರಡನೇ ಸುತ್ತಿನಲ್ಲಿ ಹೆಸರು ಕರೆಸಿಕೊಂಡವರು. ಅವರ ಹೆಸರು ಚಕ್ ಕೂಪರ್. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪು ವರ್ಣದ ಆಟಗಾರ.

ಚಾರ್ಲ್ಸ್ ಕೂಪರ್ ಹುಟ್ಟಿದ್ದು 1926ರ ಸೆಪ್ಟೆಂಬರ್ 29ರಂದು, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು ಅದು. ತಂದೆ ಮನೆಮನೆಗೆ ಕಾಗದ ಹಂಚುವ ಅಂಚೆಯವರು, ತಾಯಿ ಶಾಲಾ ಶಿಕ್ಷಕಿ. ವೆಸ್ಟಿಂಗ್‌ಹೌಸ್ ಹೈಸ್ಕೂಲಿನಲ್ಲಿ ಓದಿ 1944ರಲ್ಲಿ ಹೊರಬಂದರು. ಆಟದಲ್ಲಿ ಆಗಲೇ ಊರಿಗೆ ಹೆಸರಾಗಿದ್ದರು. ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ವೆಸ್ಟ್ ವರ್ಜೀನಿಯಾ ಸ್ಟೇಟ್ ಕಾಲೇಜಿಗೆ ಸೇರಿದರು, ಒಂದು ಸೆಮಿಸ್ಟರ್ ಆಗುವಷ್ಟರಲ್ಲಿ ನೌಕಾಪಡೆಗೆ ಹೋಗಬೇಕಾಯಿತು. ಎರಡನೇ ಮಹಾಯುದ್ಧದ ಕೊನೆಯ ದಿನಗಳು. (ಯುದ್ಧಕ್ಕೆ ಜನರನ್ನು ಕಡ್ಡಾಯವಾಗಿ ಕರೆದುಕೊಳ್ಳುವುದಕ್ಕೂ ಇಂಗ್ಲಿಷಿನಲ್ಲಿ ಡ್ರಾಫ್ಟ್ ಎಂದೇ ಹೆಸರು. ಎರಡರಲ್ಲೂ ಹೋಗುವವನನ್ನು ಯಾವ ಕಡೆ ಹೋಗುತ್ತೀಯ ಎಂದು ಯಾರೂ ಕೇಳುವುದಿಲ್ಲ.) 1946ರಲ್ಲಿ ವಾಪಸು ಬಂದು ತಮ್ಮ ಊರಿನಲ್ಲೇ ಇದ್ದ ಡ್ಯೂಕೇನ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅದು ಕ್ಯಾಥೊಲಿಕ್ ಪಾದ್ರಿಗಳು 1878ರಲ್ಲಿ ಕಟ್ಟಿದ ಸಂಸ್ಥೆ. ಆಗ ಅಮೆರಿಕದಲ್ಲಿ ಕ್ಯಾಥೊಲಿಕರೂ ಅಲ್ಪಸಂಖ್ಯಾತರೇ. ನಮ್ಮದರ ಹಾಗೆಯೇ ಒಂದು ಸಮುದಾಯ ನಡೆಸುವ ಕಾಲೇಜು ಅಂದುಕೊಳ್ಳಿ.

ಅವರು ಸೇರಿದ ವರ್ಷವೇ, 1946ರ ಡಿಸೆಂಬರ್ 23ರಂದು, ನಡೆದ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪಿಟ್ಸ್‌ಬರ್ಗ್ ಹತ್ತಿರದ ಮೆಕೀಸ್‌ಪೋರ್ಟ್ ಎಂಬಲ್ಲಿ ಡ್ಯೂಕೇನ್ ಮತ್ತು ಟೆನೆಸ್ಸಿ ವಿಶ್ವವಿದ್ಯಾಲಯಗಳ ನಡುವೆ ಪಂದ್ಯ. ಟೆನೆಸ್ಸಿ ದಕ್ಷಿಣದ ರಾಜ್ಯ. ಅಲ್ಲಿ ಶಾಲೆ, ಬಸ್ಸು, ಹೋಟೆಲ್, ನೀರಿನ ನಲ್ಲಿ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ವರ್ಣೀಯರಿಗೆ ಬೇರೆ. ಎದುರು ತಂಡದಲ್ಲಿ ಕೂಪರ್ ಇದ್ದಾರೆ ಎಂದು ಗೊತ್ತಾದ ಮೇಲೆ ಟೆನೆಸ್ಸಿಯ ತರಬೇತುದಾರರು ಆ ಹುಡುಗ ಅಂಗಳಕ್ಕೆ ಇಳಿಯುವುದಿಲ್ಲ ಎಂದು ಮಾತು ಕೊಟ್ಟರೆ ಮಾತ್ರ ಆಡುತ್ತೇವೆ ಎಂದು ಪಟ್ಟು ಹಿಡಿದರು. ಪ್ರೇಕ್ಷಕರು ಬಂದು ಕುಳಿತಿದ್ದಾರೆ. ಡ್ಯೂಕೇನ್ ತರಬೇತುದಾರರು ಪಂದ್ಯ ಬಿಗಿಯಾಗದಿದ್ದರೆ ಕೂಪರ್ ಅವರನ್ನು ಇಳಿಸದೆ ಇರಲು ಒಂದು ಹಂತದವರೆಗೆ ಒಪ್ಪಲೂ ತಯಾರಿದ್ದರು. ಆದರೆ ಖಡಾಖಂಡಿತ ಭರವಸೆ ಕೊಡಲು ವಿಶ್ವವಿದ್ಯಾಲಯ ಒಪ್ಪಲಿಲ್ಲ. ಟೆನೆಸ್ಸಿ ತಂಡ ಆಡದೆ ಹೊರಟುಹೋಯಿತು. ಪಂದ್ಯ ರದ್ದು.

ಕೂಪರ್ ಆಗ ಇಪ್ಪತ್ತು ವರ್ಷದ ಹುಡುಗ, ತಂಡಕ್ಕೆ ಹೊಸಬ. ತನ್ನೊಬ್ಬನಿಂದ ಪಂದ್ಯ ನಿಂತಿದ್ದನ್ನು ನೋಡುತ್ತಾ ಬದಿಯಲ್ಲಿ ಕುಳಿತಿದ್ದಾಗ ಅವರ ಮನಸ್ಸಿನಲ್ಲಿ ಏನಿತ್ತೋ. ನಾನಾಗಿದ್ದರೆ ನನ್ನ ಪಾಡಿಗೆ ನನ್ನನ್ನು ಬಿಟ್ಟು ನೀವು ಆಡಿಕೊಳ್ಳಿ ಎಂದು ಹೇಳಿ ಎದ್ದು ಹೋಗುತ್ತಿದ್ದೆನೇನೋ. ಅವರ ಕಾಲೇಜು ಆ ಅವಕಾಶವನ್ನೇ ಕೊಡಲಿಲ್ಲ. ಕಾಲೇಜೊಂದು ತನ್ನ ಒಬ್ಬ ವಿದ್ಯಾರ್ಥಿಯ ಕಡೆ ನಿಂತಿತು, ನಾಲ್ಕು ವರ್ಷದ ನಂತರ ಅದೇ ವಿದ್ಯಾರ್ಥಿ ಆ ಕಾಲೇಜಿನ ತಂಡವನ್ನು ದೇಶದ ಮೊದಲ ಹತ್ತು ತಂಡಗಳ ಸಾಲಿಗೆ ಒಯ್ದರು. 1949-50ರಲ್ಲಿ ಕೂಪರ್ ನಾಯಕತ್ವದಲ್ಲಿ ಡ್ಯೂಕೇನ್ 23 ಪಂದ್ಯ ಗೆದ್ದು 6 ಸೋತಿತು. ಅವರ ಹೆಸರು ಆಲ್ ಅಮೆರಿಕನ್ ಆಟಗಾರರ ಪಟ್ಟಿಗೆ ಸೇರಿತು.

ಈಗ ಕೂಪರ್ ಅವರನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟು ಲೀಗಿನ ಕಡೆ ಬರೋಣ.

1946ರಲ್ಲಿ ದೊಡ್ಡ ಊರುಗಳ ಐಸ್ ಹಾಕಿ ಮೈದಾನಗಳ ಮಾಲೀಕರು ಸೇರಿ ಬ್ಯಾಸ್ಕೆಟ್‌ಬಾಲ್ ಲೀಗ್ ಒಂದನ್ನು ಶುರುಮಾಡಿದರು. ಹಾಕಿ ಇಲ್ಲದ ದಿನ ಮೈದಾನ ಖಾಲಿ ಬಿದ್ದಿರುತ್ತಿತ್ತು, ಅದಕ್ಕೆ ಬಾಡಿಗೆ ಹುಟ್ಟಿಸುವ ಉಪಾಯ. 1949ರಲ್ಲಿ ಅದು ಇನ್ನೊಂದು ಲೀಗಿನ ಜೊತೆ ಸೇರಿ ಎನ್‌ಬಿಎ ಆಯಿತು. ಅದಕ್ಕೂ ಮುಂಚೆ, 1947ರಲ್ಲೇ, ಮೊದಲ ಡ್ರಾಫ್ಟ್ ನಡೆದಿತ್ತು. ಈ ಉಪಾಯ ಅವರದ್ದಲ್ಲ, ಅಮೆರಿಕನ್ ಫುಟ್‌ಬಾಲ್ ಲೀಗಿನವರು 1936ರಿಂದಲೇ ಮಾಡುತ್ತಿದ್ದರು. ನಿಯಮ ಸರಳ. ಹಿಂದಿನ ವರ್ಷ ಯಾರು ಎಲ್ಲರಿಗಿಂತ ಹೆಚ್ಚು ಸೋತಿದ್ದಾರೋ ಅವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯ ಸರದಿ. ಸೋತ ತಂಡಕ್ಕೆ ಒಳ್ಳೆಯ ಹುಡುಗ ಸಿಕ್ಕರೆ ಮುಂದಿನ ವರ್ಷ ಸ್ಪರ್ಧೆ ಸಮಬಲದ್ದಾಗುತ್ತದೆ, ಜನ ಟಿಕೆಟ್ ಕೊಳ್ಳುತ್ತಾರೆ. ಇದು ಮೇಲಿನ ಕಾರಣ. ಕೆಳಗೆ ಇನ್ನೊಂದು ಕಾರಣ ಇತ್ತು. ಒಬ್ಬ ಆಟಗಾರನ ಮೇಲೆ ಒಂದೇ ತಂಡಕ್ಕೆ ಹಕ್ಕು ಇದ್ದರೆ ಸಂಬಳಕ್ಕಾಗಿ ಪೈಪೋಟಿ ಇರುವುದಿಲ್ಲ. ಹುಡುಗ ಕೊಟ್ಟಷ್ಟಕ್ಕೆ ಆಡಬೇಕು, ಇಲ್ಲವಾದರೆ ಆ ಲೀಗ್‌ನಲ್ಲಿ ಆಡುವಂತಿಲ್ಲ. ನಮ್ಮ ವಾಣಿಜ್ಯ ವಿಭಾಗದ ಗೆಳೆಯರಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಆ ಮೊದಲ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಬಂದಿದ್ದು ಯಾರಿಗೆ ಗೊತ್ತೆ? ಕೂಪರ್ ಅವರ ಊರಿನ ತಂಡಕ್ಕೇ, ಪಿಟ್ಸ್‌ಬರ್ಗ್ ಐರನ್‌ಮೆನ್‌ಗೆ. ಅವರು ಟೆಕ್ಸಾಸ್‌ನ ಕ್ಲಿಫ್ಟನ್ ಮೆಕ್‌ನೀಲಿ ಎಂಬ ಹುಡುಗನ ಹೆಸರು ಹೇಳಿದರು. ಆತ ಬರಲಿಲ್ಲ, ಹೈಸ್ಕೂಲ್ ತರಬೇತುದಾರನಾಗುವುದೇ ವಾಸಿ ಎಂದು ಊರಿನಲ್ಲೇ ಉಳಿದರು. ಮುಂದಿನ ಪಂದ್ಯಾವಳಿ ಶುರುವಾಗುವ ಮೊದಲೇ ಪಿಟ್ಸ್‌ಬರ್ಗ್ ತಂಡವೂ ಮುಚ್ಚಿಹೋಯಿತು. ಇಂದು ಕೋಟಿಗಟ್ಟಲೆ ಡಾಲರ್ ಹರಿಯುವ ಡ್ರಾಫ್ಟ್ ಶುರುವಾಗಿದ್ದು ಹೀಗೆ, ಬಾರದ ಆಟಗಾರ ಮತ್ತು ಉಳಿಯದ ತಂಡದಿಂದ. ಅದೇ ವರ್ಷ ನ್ಯೂಯಾರ್ಕ್ ತಂಡ ಜಪಾನಿ ಮೂಲದ ವಾಟರು ಮಿಸಾಕಾ ಅವರನ್ನು ಆರಿಸಿಕೊಂಡಿತು. ಅವರು ಆಡಿದ್ದು ಮೂರೇ ಪಂದ್ಯ. ಲೀಗಿನಲ್ಲಿ ಬಿಳಿಯರಲ್ಲದವರು ಆಗ ಅವರೊಬ್ಬರೇ.

ಕಪ್ಪು ವರ್ಣೀಯರನ್ನು ತೆಗೆದುಕೊಳ್ಳಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. 1947, 1948, 1949, ಮೂರು ಡ್ರಾಫ್ಟ್‌ಗಳಲ್ಲಿ ಯಾರೂ ಒಂದು ಹೆಸರನ್ನೂ ಕರೆಯಲಿಲ್ಲ. ಅಷ್ಟರಲ್ಲಿ ಬೇಸ್‌ಬಾಲ್‌ನಲ್ಲಿ ಜಾಕಿ ರಾಬಿನ್ಸನ್ 1947ರಲ್ಲೇ ಆ ಗೋಡೆ ದಾಟಿದ್ದರು. ಬ್ಯಾಸ್ಕೆಟ್‌ಬಾಲ್ ಮಾಲೀಕರಿಗೆ ಬಣ್ಣದ ಪೂರ್ವಗ್ರಹದ ಜೊತೆಗೆ ಇನ್ನೊಂದು ಭಯ ಇತ್ತು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಕಪ್ಪು ಆಟಗಾರರ ತಂಡ ಊರೂರು ತಿರುಗಿ ಆಡುತ್ತಿತ್ತು. ಆಟದ ಜೊತೆಗೆ ನಗಿಸುವ ಕಸರತ್ತು. ಅವರು ಬಂದ ದಿನ ಮೈದಾನ ಭರ್ತಿ. ಎಷ್ಟೋ ಕಡೆ ಎನ್‌ಬಿಎ ಪಂದ್ಯದ ಜೊತೆ ಗ್ಲೋಬ್‌ಟ್ರಾಟರ್ಸ್ ಪಂದ್ಯವನ್ನೂ ಸೇರಿಸಿದರೆ ಮಾತ್ರ ಜನ ಬರುತ್ತಿದ್ದರು. ಆ ತಂಡದ ಯಜಮಾನ ಏಬ್ ಸ್ಯಾಪರ್‌ಸ್ಟೈನ್. ಒಳ್ಳೆಯ ಕಪ್ಪು ಆಟಗಾರರೆಲ್ಲ ತನ್ನ ಬಳಿಯೇ ಬರಬೇಕೆಂಬುದು ಅವರ ಲೆಕ್ಕ. ಅವರನ್ನು ಎದುರು ಹಾಕಿಕೊಂಡರೆ ಗಲ್ಲಾ ಪೆಟ್ಟಿಗೆ ಖಾಲಿ ಎಂಬುದು ಎನ್‌ಬಿಎ ಮಾಲೀಕರ ಲೆಕ್ಕ. ಎರಡು ಲೆಕ್ಕಗಳ ನಡುವೆ ಕೂಪರ್ ತರಹದವರಿಗೆ ಉಳಿದಿದ್ದು ಒಂದೇ ದಾರಿ. ಕೂಪರ್ ಸಹ ಕಾಲೇಜು ಮುಗಿಯುತ್ತಲೇ ಸ್ವಲ್ಪ ಕಾಲ ಗ್ಲೋಬ್‌ಟ್ರಾಟರ್ಸ್ ಜೊತೆ ಆಡಿದರು.

1950ರ ಏಪ್ರಿಲ್ 25. ಶಿಕಾಗೋದಲ್ಲಿ ಮಾಲೀಕರ ಸಭೆ. ಈಗಿನಂತೆ ಟಿವಿ, ವೇದಿಕೆ, ಹೊಸ ಸೂಟು ಹಾಕಿಕೊಂಡ ಹುಡುಗರು, ಕಣ್ಣೊರೆಸಿಕೊಳ್ಳುವ ಅಮ್ಮಂದಿರು ಯಾರೂ ಇಲ್ಲ. ಒಂದು ಕೋಣೆ, ಮೇಜು, ಕಾಗದದ ಮೇಲೆ ಹೆಸರುಗಳ ಪಟ್ಟಿ. ಬಾಸ್ಟನ್ ಸೆಲ್ಟಿಕ್ಸ್ ಹಿಂದಿನ ವರ್ಷ 22 ಗೆದ್ದು 46 ಸೋತಿತ್ತು, ಹಾಗಾಗಿ ಮೊದಲ ಸರದಿ ಅವರದ್ದು. ಬಾಸ್ಟನ್‌ನ ಜನಕ್ಕೆಲ್ಲ ಹತ್ತಿರದ ಕಾಲೇಜಿನ ಬಾಬ್ ಕೂಸಿ ಬೇಕಿತ್ತು. ಹೊಸದಾಗಿ ಬಂದಿದ್ದ ತರಬೇತುದಾರ ರೆಡ್ ಆವರ್‌ಬ್ಯಾಕ್ ಅವರನ್ನು ಬಿಟ್ಟು ಎತ್ತರದ ಚಾರ್ಲಿ ಶೇರ್ ಎಂಬವರನ್ನು ಆರಿಸಿದರು. ಎರಡನೇ ಸುತ್ತು ಬಂತು. ಸೆಲ್ಟಿಕ್ಸ್ ಮಾಲೀಕ ವಾಲ್ಟರ್ ಬ್ರೌನ್ ಡ್ಯೂಕೇನ್‌ನ ಚಕ್ ಕೂಪರ್ ಹೆಸರು ಹೇಳಿದರು.

ಕೋಣೆ ಒಮ್ಮೆಗೇ ಮೌನವಾಯಿತಂತೆ. ಆ ಹುಡುಗ ಯಾವ ಬಣ್ಣದವನು ಗೊತ್ತಿದೆಯೇ ಎಂದು ಯಾರೋ ಒಬ್ಬ ಮಾಲೀಕರು ಕೇಳಿದರಂತೆ. ಬಣ್ಣ ಯಾವುದಾದರೂ ತನಗೆ ಆಗಬೇಕಾದ್ದಿಲ್ಲ, ಬಾಸ್ಟನ್ ಆರಿಸಿಕೊಂಡಿರುವುದು ಡ್ಯೂಕೇನ್‌ನ ಕೂಪರ್ ಅವರನ್ನೇ ಎಂಬ ಅರ್ಥದಲ್ಲಿ ಬ್ರೌನ್ ಒರಟಾಗಿಯೇ ಉತ್ತರಿಸಿದರಂತೆ. ಈ ಪ್ರಸಂಗವನ್ನು ಬ್ಯಾಸ್ಕೆಟ್‌ಬಾಲ್ ಚರಿತ್ರೆ ಬರೆದವರೆಲ್ಲ ಬಿಡದೆ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಅದರ ನಂತರ ನಡೆದದ್ದು. ಒಬ್ಬರು ಬಾಯಿ ಬಿಟ್ಟ ಮೇಲೆ ಇನ್ನೊಬ್ಬರ ಬಾಯಿಯೂ ಬಿಟ್ಟಿತು. ಒಂಬತ್ತನೇ ಸುತ್ತಿನಲ್ಲಿ ವಾಷಿಂಗ್ಟನ್ ತಂಡ ಅರ್ಲ್ ಲಾಯ್ಡ್ ಹೆಸರು ಕರೆಯಿತು, ಮರು ಸುತ್ತಿನಲ್ಲಿ ಹೆರಾಲ್ಡ್ ಹಂಟರ್ ಹೆಸರು. ಇಬ್ಬರೂ ಕಪ್ಪು ವರ್ಣೀಯರು. ಲಾಯ್ಡ್ ಓದಿದ್ದು ಕೂಪರ್ ಒಂದು ಸೆಮಿಸ್ಟರ್ ಓದಿ ಬಿಟ್ಟಿದ್ದ ಅದೇ ವೆಸ್ಟ್ ವರ್ಜೀನಿಯಾ ಸ್ಟೇಟ್‌ನಲ್ಲಿ. ಸ್ವಲ್ಪ ದಿನಗಳಲ್ಲೇ ನ್ಯೂಯಾರ್ಕ್ ತಂಡ ಗ್ಲೋಬ್‌ಟ್ರಾಟರ್ಸ್‌ನಿಂದಲೇ ನ್ಯಾಟ್ ಕ್ಲಿಫ್ಟನ್ ಅವರನ್ನು ಹಣ ಕೊಟ್ಟು ಬಿಡಿಸಿಕೊಂಡಿತು. ಸ್ಯಾಪರ್‌ಸ್ಟೈನ್ ಸಿಟ್ಟಾಗಿ ಬಾಸ್ಟನ್ ಮೈದಾನಕ್ಕೆ ಇನ್ನು ತನ್ನ ತಂಡ ಕಾಲಿಡುವುದಿಲ್ಲ ಎಂದು ಬೆದರಿಸಿದರು. ಬ್ರೌನ್ ಹಿಂದೆ ಸರಿಯಲಿಲ್ಲ. ಅವರ ತಂಡ ಆಗ ನಷ್ಟದಲ್ಲಿತ್ತು ಎನ್ನುವುದನ್ನೂ ನೆನಪಿಡಬೇಕು.

ಕೂಸಿ ಕಥೆ ಇನ್ನೂ ಮಜವಾಗಿದೆ. ಅವರನ್ನು ಆರಿಸಿಕೊಂಡಿದ್ದು ಟ್ರೈ ಸಿಟೀಸ್ ತಂಡ. ಸಂಬಳ ಹೊಂದಲಿಲ್ಲ, ಹೋಗಲಿಲ್ಲ. ಅವರ ಮೇಲಿನ ಹಕ್ಕು ಶಿಕಾಗೋ ತಂಡಕ್ಕೆ ಹೋಯಿತು, ಆ ತಂಡ ಮುಚ್ಚಿತು. ಉಳಿದ ಮೂವರು ಆಟಗಾರರನ್ನು ಮೂರು ತಂಡಗಳಿಗೆ ಹಂಚಲು ಒಂದು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದರು. ಬ್ರೌನ್ ಕೈಗೆ ಬಂದ ಚೀಟಿಯಲ್ಲಿ ಕೂಸಿ ಹೆಸರಿತ್ತು. ನಮ್ಮ ಚಿನ್ನ ಬೆಳ್ಳಿ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಬೇಡವೆಂದು ಬಿಟ್ಟಿದ್ದ ಹುಡುಗ ಚೀಟಿಯಲ್ಲಿ ಬಂದು ಬಾಸ್ಟನ್‌ನ ದೊಡ್ಡ ತಾರೆಯಾದರು, ಕೂಪರ್‌ಗೆ ಜೀವದ ಗೆಳೆಯರೂ ಆದರು.

1950ರ ಅಕ್ಟೋಬರ್ 31ರಂದು ಲಾಯ್ಡ್ ಅಂಗಳಕ್ಕಿಳಿದರು. ಮರುದಿನ, ನವೆಂಬರ್ 1ರಂದು, ಫೋರ್ಟ್ ವೇನ್‌ನಲ್ಲಿ ಕೂಪರ್. ಮೂರು ದಿನ ಬಿಟ್ಟು ಕ್ಲಿಫ್ಟನ್. ಹೀಗಾಗಿ ಮೊದಲು ಆಯ್ಕೆಯಾದವರು ಕೂಪರ್ ಆದರೂ ಮೊದಲು ಆಡಿದವರು ಲಾಯ್ಡ್. ಪಂದ್ಯಾವಳಿಯ ವೇಳಾಪಟ್ಟಿ ಹಾಗಿತ್ತು, ಅಷ್ಟೆ. ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದರೆ ಎಚ್ಚರ.

ಮೊದಲ ವರ್ಷ ಕೂಪರ್ 66 ಪಂದ್ಯ ಆಡಿದರು. ಪ್ರತಿ ಪಂದ್ಯಕ್ಕೆ ಸರಾಸರಿ 9.3 ಅಂಕ, 8.5 ರೀಬೌಂಡ್. ಬಾಸ್ಟನ್ 39 ಗೆದ್ದು 30 ಸೋತಿತು. ಹಿಂದಿನ ವರ್ಷದ ಲೆಕ್ಕದ ಪಕ್ಕ ಇಟ್ಟು ನೋಡಿ. ತಂಡದ ಒಳಗೆ ಅವರಿಗೆ ತೊಂದರೆ ಇರಲಿಲ್ಲ. ಹೊರಗೆ ಹೋದಾಗ ಇತ್ತು. ಎಷ್ಟೋ ಊರುಗಳಲ್ಲಿ ತಂಡ ಇಳಿದ ಹೋಟೆಲಿನಲ್ಲಿ ಅವರಿಗೆ ಕೋಣೆ ಇಲ್ಲ, ಊಟದ ಮನೆಯಲ್ಲಿ ಜಾಗ ಇಲ್ಲ. ಒಮ್ಮೆ ಉತ್ತರ ಕೆರೊಲಿನಾದ ರಾಲಿ ಎಂಬ ಊರಿನಲ್ಲಿ ಹೀಗೇ ಆಯಿತು. ಕೂಸಿ ತಮಗೆ ಸಿಕ್ಕಿದ್ದ ಕೋಣೆ ಬೇಡವೆಂದು ಹೇಳಿ, ಪಂದ್ಯ ಮುಗಿದ ಮೇಲೆ ಕೂಪರ್ ಜೊತೆ ರಾತ್ರಿ ರೈಲು ಹಿಡಿದು ನ್ಯೂಯಾರ್ಕ್‌ಗೆ ಹೊರಟರು. ರೈಲು ನಿಲ್ದಾಣದಲ್ಲಿ ಶೌಚಾಲಯಕ್ಕೆ ಹೋಗಬೇಕೆಂದರೆ ಅಲ್ಲೂ ಬಿಳಿಯರಿಗೊಂದು ಬಾಗಿಲು, ಕಪ್ಪು ವರ್ಣೀಯರಿಗೊಂದು ಬಾಗಿಲು ಎಂದು ಫಲಕ. ತಮ್ಮ ಬಣ್ಣದ ಬಗ್ಗೆ ಆ ಹೊತ್ತು ನಾಚಿಕೆಯಾಯಿತು ಎಂದು ಕೂಸಿ ಮುಂದೆ ಬಹಳ ವರ್ಷ ನೆನೆಯುತ್ತಿದ್ದರು. ಕೋಣೆ ಬಿಟ್ಟು ಬಂದ ಗೆಳೆಯ ದೊಡ್ಡವನೇ. ಆದರೆ ಕೂಸಿಗೆ ಅದು ಒಂದು ರಾತ್ರಿ, ಕೂಪರ್‌ಗೆ ಪ್ರತಿ ಪ್ರವಾಸ.

ಇನ್ನೊಂದು ವಿಷಯ ಕೂಪರ್ ಅವರನ್ನು ಕೊನೆಯವರೆಗೆ ಕೊರೆಯಿತು. ಕಾಲೇಜಿನಲ್ಲಿ ಅವರು ಅಂಕ ಗಳಿಸುವ ಆಟಗಾರ. ಎನ್‌ಬಿಎಯಲ್ಲಿ ಅವರಿಗೆ ಕೊಟ್ಟ ಕೆಲಸ ಬೇರೆ. ಎದುರಾಳಿಯ ಗಟ್ಟಿ ಆಟಗಾರನನ್ನು ತಡೆಯುವುದು, ಬುಟ್ಟಿಗೆ ಬಡಿದು ಬಂದ ಚೆಂಡನ್ನು ಹಿಡಿದು ಬೇರೆಯವರಿಗೆ ಕೊಡುವುದು. ಬುಟ್ಟಿಗೆ ಹಾಕುವುದು ಬೇರೆಯವರ ಕೆಲಸ. ಆರಂಭದ ಕಪ್ಪು ಆಟಗಾರರಿಗೆಲ್ಲ ಹೀಗೇ ಇತ್ತು, ಎಲ್ಲೋ ಒಂದು ಕಡೆ ಬರೆಯದ ನಿಯಮ ಮುಂದುವರಿದಿತ್ತು ಎಂಬುದು ಅವರ ಅನಿಸಿಕೆ. ತನಗೆ ಚೆಂಡು ಕೊಟ್ಟಿದ್ದರೆ ಇನ್ನೂ ದೊಡ್ಡ ಆಟಗಾರನಾಗುತ್ತಿದ್ದೆ ಎಂಬ ಕಹಿಯನ್ನು ಅವರು ಮುಂದೆ ಮುಚ್ಚಿಡಲಿಲ್ಲ. ಕೆಲವರು ಇದನ್ನು ಕೃತಘ್ನತೆ ಎನ್ನಬಹುದು. ನಾನು ಹಾಗೆ ಹೇಳಲಾರೆ. ಹೋದ ವರ್ಷ ಒಂದು ಪಂದ್ಯಾವಳಿಗೆ ಹನ್ನೆರಡು ಜನರ ಪಟ್ಟಿಯಲ್ಲಿ ನನ್ನ ಹೆಸರೂ ಬಂದಿತ್ತು. ಅಮ್ಮಿ ಜರ್ಸಿಯನ್ನು ಎರಡು ಸಲ ಇಸ್ತ್ರಿ ಮಾಡಿ ಕೊಟ್ಟಿದ್ದರು. ಮೂರು ಪಂದ್ಯಗಳಲ್ಲಿ ಒಂದು ನಿಮಿಷವೂ ಅಂಗಳಕ್ಕಿಳಿಯದೆ ಜರ್ಸಿಯನ್ನು ಇಸ್ತ್ರಿ ಮುರಿಯದೆ ವಾಪಸು ತಂದೆ. ನನಗಿಂತ ಚೆನ್ನಾಗಿ ಆಡುವವರು ಇದ್ದರು, ತಪ್ಪು ಯಾರದ್ದೂ ಅಲ್ಲ. ಕೂಪರ್ ಅವರ ವಿಷಯ ಅದಕ್ಕಿಂತ ಬಹಳ ದೊಡ್ಡದು. ಆದರೂ ಪಟ್ಟಿಗೆ ಹೆಸರು ಸೇರುವುದು ಬೇರೆ, ಕೈಗೆ ಚೆಂಡು ಬರುವುದು ಬೇರೆ ಎಂಬಷ್ಟು ಮಾತ್ರ ನನಗೆ ಆ ಬೆಂಚಿನ ಮೇಲೆ ಅರ್ಥವಾಗಿತ್ತು.

ನಾಲ್ಕು ವರ್ಷದ ನಂತರ ಬಾಸ್ಟನ್ ಅವರನ್ನು ಮಿಲ್ವಾಕಿ ಹಾಕ್ಸ್ ತಂಡಕ್ಕೆ ಕಳಿಸಿತು. ಹಾಕ್ಸ್ 1955ರಲ್ಲಿ ಸೇಂಟ್ ಲೂಯಿಸ್‌ಗೆ ಊರು ಬದಲಿಸಿತು. ಆ ವರ್ಷದ ಡ್ರಾಫ್ಟ್‌ನಲ್ಲಿ ಒಂದು ವಿಶೇಷ ನಡೆಯಿತು. ಮೊದಲ ಸರದಿ ಹಾಕ್ಸ್‌ನದು, ಅವರು ಕರೆದ ಹೆಸರು ಡಿಕ್ ರಿಕೆಟ್ಸ್. ಡ್ಯೂಕೇನ್ ಹುಡುಗ, ಕಪ್ಪು ವರ್ಣೀಯ. ಮುಂದಿನ ವರ್ಷ, 1956ರಲ್ಲಿ, ರಾಚೆಸ್ಟರ್ ತಂಡ ಎಲ್ಲರಿಗಿಂತ ಮೊದಲು ಕರೆದದ್ದು ಸಿಹ್ಯುಗೊ ಗ್ರೀನ್. ಅವರೂ ಡ್ಯೂಕೇನ್, ಅವರೂ ಕಪ್ಪು ವರ್ಣೀಯ. ಕೂಪರ್ ಹೆಸರಿಗೆ ಕೋಣೆ ಮೌನವಾಗಿ ಐದು ವರ್ಷವಷ್ಟೇ ಆಗಿತ್ತು. ಅದೇ ಕಾಲೇಜಿನ ಇಬ್ಬರು ಹುಡುಗರು ಸತತ ಎರಡು ವರ್ಷ ಇಡೀ ದೇಶದಲ್ಲೇ ಮೊದಲಿಗರು. ಮೆಕೀಸ್‌ಪೋರ್ಟ್‌ನಲ್ಲಿ ರದ್ದಾದ ಆ ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಫಲಿತಾಂಶ ಬೇರೆ ಬೇಕೆ?

ಕೂಪರ್ ಅಷ್ಟರಲ್ಲಿ ಆಟದ ಕೊನೆಗೆ ಬಂದಿದ್ದರು. ಹಾಕ್ಸ್ ಬಿಟ್ಟಮೇಲೆ ಫೋರ್ಟ್ ವೇನ್ ಪಿಸ್ಟನ್ಸ್ ಸೇರಿದರು. ಆ ತಂಡ 1956ರ ಫೈನಲ್‌ನಲ್ಲಿ ಫಿಲಡೆಲ್ಫಿಯಾಕ್ಕೆ ಸೋತಿತು. ಒಟ್ಟು 409 ಪಂದ್ಯ, ಸರಾಸರಿ 6.7 ಅಂಕ. ಆಮೇಲೆ ಹಾರ್ಲೆಮ್ ಮ್ಯಾಜಿಶಿಯನ್ಸ್ ಎಂಬ ತಿರುಗಾಟದ ತಂಡದಲ್ಲಿದ್ದಾಗ ಕಾರು ಅಪಘಾತದಲ್ಲಿ ಬೆನ್ನಿಗೆ ಪೆಟ್ಟಾಯಿತು. ಆಟ ಅಲ್ಲಿಗೆ ಮುಗಿಯಿತು.

ಮೂವತ್ತರ ಆಸುಪಾಸಿನಲ್ಲಿ ಆಟ ನಿಂತಾಗ ಎಷ್ಟೋ ಆಟಗಾರರು ಹಳೆಯ ಹೆಸರಿನ ಮೇಲೆ ಬದುಕುತ್ತಾರೆ. ಕೂಪರ್ ಮತ್ತೆ ತರಗತಿಗೆ ಹೋಗಿ ಕುಳಿತರು. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ನಮ್ಮಲ್ಲಿ ಎಂಎಸ್‌ಡಬ್ಲ್ಯೂ ಎನ್ನುತ್ತೇವಲ್ಲ, ಅದು. ಪಿಟ್ಸ್‌ಬರ್ಗ್‌ಗೆ ಮರಳಿ ಬಡ ಬಡಾವಣೆಗಳ ನಡುವೆ ಕೆಲಸ ಮಾಡಿದರು. 1970ರಲ್ಲಿ ನಗರದ ಉದ್ಯಾನ ಮತ್ತು ಕ್ರೀಡಾ ಇಲಾಖೆಯ ನಿರ್ದೇಶಕರಾದರು. ಪಿಟ್ಸ್‌ಬರ್ಗ್ ನಗರಾಡಳಿತದಲ್ಲಿ ಒಂದು ಇಲಾಖೆಯ ಮುಖ್ಯಸ್ಥರಾದ ಮೊದಲ ಕಪ್ಪು ವರ್ಣೀಯ ಅವರೇ. ಈ ಸಲ ಅವರ ಹೆಸರನ್ನು ಚೀಟಿಯಲ್ಲೂ ಎತ್ತಲಿಲ್ಲ, ಸುತ್ತಿನಲ್ಲೂ ಕರೆಯಲಿಲ್ಲ. ಅಂಚೆಯವರ ಮಗ ತನ್ನ ಊರಿನ ಆಟದ ಮೈದಾನಗಳ ಉಸ್ತುವಾರಿಯಾದರು. ಆಮೇಲೆ ಪಿಟ್ಸ್‌ಬರ್ಗ್ ನ್ಯಾಷನಲ್ ಬ್ಯಾಂಕಿನಲ್ಲಿ ನಗರ ಅಭಿವೃದ್ಧಿಗೆ ಸಂಬಂಧಿಸಿದ ಕೆಲಸ. ಅಲ್ಲಿದ್ದಾಗಲೇ, 1984ರ ಫೆಬ್ರವರಿ 5ರಂದು, ಯಕೃತ್ತಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 57. ಹೆಂಡತಿ ಮತ್ತು ನಾಲ್ಕು ಮಕ್ಕಳು ಇದ್ದರು.

ಡ್ರಾಫ್ಟ್ ಬದಲಾಗುತ್ತಾ ಬಂತು. 1966ರಿಂದ ಕೊನೆಯ ಸ್ಥಾನದ ಎರಡು ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿ ತೀರ್ಮಾನಿಸಿದರು. ಕರೀಮ್ ಅವರು ಫೀನಿಕ್ಸ್‌ಗೆ ಹೋಗದೆ ಮಿಲ್ವಾಕಿಗೆ ಹೋದದ್ದು ಹೀಗೆ, ಫೀನಿಕ್ಸ್ ಹೆಡ್ ಕೇಳಿತು, ಬಿದ್ದದ್ದು ಟೇಲ್. ಮೊದಲ ಸರದಿಯ ಆಸೆಗೆ ತಂಡಗಳು ಬೇಕೆಂದೇ ಸೋಲುತ್ತಿವೆ ಎಂಬ ಅನುಮಾನ ಬಂದು 1985ರಿಂದ ಲಾಟರಿ ಶುರುವಾಯಿತು. 1950ರಲ್ಲಿ ಹನ್ನೆರಡು ಸುತ್ತು ನಡೆಯುತ್ತಿದ್ದದ್ದು 1989ರಿಂದ ಎರಡೇ ಸುತ್ತಿಗೆ ಇಳಿಯಿತು. 2015ರಲ್ಲಿ ಎರಡನೇ ಸುತ್ತಿನಲ್ಲೇ, 52ನೆಯವರಾಗಿ, ಪಂಜಾಬಿನ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಹೆಸರನ್ನು ಡಲ್ಲಾಸ್ ಕರೆಯಿತು. ಭಾರತದಿಂದ ಅವರೇ ಮೊದಲು. ಎನ್‌ಬಿಎ ಅಂಗಳದಲ್ಲಿ ಒಂದು ಪಂದ್ಯವನ್ನೂ ಆಡಲು ಅವರಿಗೆ ಆಗಲಿಲ್ಲ.

1950ರಲ್ಲಿ ಜೊತೆಯಾಗಿ ಬಂದ ಮೂವರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಲಾಯ್ಡ್ 2003ರಲ್ಲಿ, ಕ್ಲಿಫ್ಟನ್ 2014ರಲ್ಲಿ ಸೇರಿದರು. ಮೊದಲು ಹೆಸರು ಕರೆಸಿಕೊಂಡಿದ್ದ ಕೂಪರ್ ಅವರನ್ನು ಅಲ್ಲಿಗೆ ಕೊನೆಗೆ ಕರೆದರು, 2019ರಲ್ಲಿ, ತೀರಿಕೊಂಡು 35 ವರ್ಷದ ಮೇಲೆ. ಡ್ಯೂಕೇನ್ ತನ್ನ ಬ್ಯಾಸ್ಕೆಟ್‌ಬಾಲ್ ಒಳಾಂಗಣವನ್ನು ಹೊಸದಾಗಿ ಕಟ್ಟಿ 2021ರ ಫೆಬ್ರವರಿಯಲ್ಲಿ ತೆರೆಯಿತು. ಅದರ ಹೆಸರು ಕೂಪರ್ ಫೀಲ್ಡ್‌ಹೌಸ್. ಅಲ್ಲಿಗೆ ಆಡಲು ಬರುವ ಯಾವ ತಂಡವೂ ಈಗ ಆ ಹೆಸರಿನ ಕೆಳಗೆ ಹಾದೇ ಒಳಗೆ ಹೋಗಬೇಕು.